ನಾನು ನೋಡದ ಸಭೆಯ ವರದಿ

ನನಗೊಂದು ವಿದ್ಯೆ ಚೆನ್ನಾಗಿ ಒಲಿದಿದೆ. ಇನ್ನೂ ನಡೆಯದ ಸಭೆಯ ವರದಿಯನ್ನು ನಾನು ಬಹಳ ಸೊಗಸಾಗಿ ಬರೆಯುತ್ತೇನೆ.

ಹೀಗೆಂದ ಕೂಡಲೇ ಹುಬ್ಬೇರಿಸಬೇಡಿ. ಸಯನ್‌ನಲ್ಲಿರುವ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಇಪ್ಪತ್ತಾರು ವರ್ಷಗಳಿಂದ ನಾನೇ ಕಾರ್ಯದರ್ಶಿ. ನಮ್ಮ ಕಾರ್ಯಕ್ರಮಗಳೆಲ್ಲ ಭಾನುವಾರ ಸಂಜೆ. ಸೋಮವಾರದ ಪತ್ರಿಕೆಯಲ್ಲಿ ಸುದ್ದಿ ಬರಬೇಕಾದರೆ ವರದಿ ಶನಿವಾರವೇ ಕಳಿಸಿದರೆ ಕ್ಷೇಮ. ಎಲ್ಲ ಮುಗಿದ ಮೇಲೆ ಬರೆಯುತ್ತೇನೆಂದು ಕೂತರೆ ಅದು ಅಚ್ಚಾಗುವುದು ಗುರುವಾರ. ಅಷ್ಟರಲ್ಲಿ ನಮ್ಮ ಅಧ್ಯಕ್ಷರು ನಾಲ್ಕು ಸಲ ಫೋನ್ ಮಾಡಿರುತ್ತಾರೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಕುಕ್ಕರ್ ಇಟ್ಟು, ಆಮಂತ್ರಣ ಪತ್ರಿಕೆಯನ್ನು ಎದುರಿಗೆ ಹರಡಿಕೊಂಡು ಕೂರುತ್ತೇನೆ. ಯಾರು ಸ್ವಾಗತಿಸುತ್ತಾರೆ, ಯಾರು ವಂದಿಸುತ್ತಾರೆ, ಎಲ್ಲವೂ ಅದರಲ್ಲಿದೆ. ಮೂರನೇ ವಿಷಲ್ ಬರುವುದರೊಳಗೆ ದೀಪ ಬೆಳಗಿ ಆಗಿರುತ್ತದೆ, ಮುಖ್ಯ ಅತಿಥಿಗಳು ಅರ್ಥಪೂರ್ಣವಾಗಿ ಮಾತನಾಡಿ ಆಗಿರುತ್ತದೆ, ಸಭಾಂಗಣ ಕಿಕ್ಕಿರಿದು ತುಂಬಿ ಆಗಿರುತ್ತದೆ. ಒಂದು ವರ್ಷ ಮಳೆಗೆ ಲೋಕಲ್ ಗಾಡಿಗಳೆಲ್ಲ ನಿಂತುಹೋಗಿ ಮೂವತ್ತೆರಡೇ ಜನ ಬಂದಿದ್ದರು. ಮರುದಿನ ಪತ್ರಿಕೆಯಲ್ಲಿ ಸಭಾಂಗಣ ಎಂದಿನಂತೆ ಕಿಕ್ಕಿರಿದಿತ್ತು. ಆ ಮೂವತ್ತೆರಡು ಜನರಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ, ಇಬ್ಬರಂತೂ ಅದನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡರು.

ಇಂಥ ನಾನು ಮಕ್ಕಳಿಗೆ ಸುದ್ದಿಯನ್ನು ಅನುಮಾನಿಸುವುದು ಹೇಗೆಂದು ಕಲಿಸಲು ಹೊರಟೆ. ನಗು ಬಂದರೆ ನಕ್ಕುಬಿಡಿ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಭಾನುವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿನಲ್ಲಿ ಏಳು ಮಕ್ಕಳಿಗೆ ನಾನು ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಹೈಸ್ಕೂಲಿನವರು. ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ ಬರುತ್ತದೆ. ಮೊದಲ ಎರಡು ತಿಂಗಳು ಕಾಗುಣಿತ ತಿದ್ದಿಸಿದೆ. ಅವರು ಆಕಳಿಸಿದರು, ಅವರನ್ನು ನೋಡಿ ನಾನೂ ಆಕಳಿಸಿದೆ. ಹೀಗಾದರೆ ಆಗದು ಎಂದು ಒಂದು ವಾರ ಪುಸ್ತಕ ಪಕ್ಕಕ್ಕಿಟ್ಟು ಅವತ್ತಿನ ಪತ್ರಿಕೆ ಬಿಚ್ಚಿದೆ. ಯಾವುದೋ ರಸ್ತೆಯಲ್ಲಿ ಗಲಾಟೆಯಾದ ಸುದ್ದಿ. ಓದಿಸಿದ ಮೇಲೆ ಸುಮ್ಮನೆ ಕೇಳಿದೆ, ಇದನ್ನು ಯಾರು ನೋಡಿದ್ದು? ಮಕ್ಕಳು ಮತ್ತೆ ಓದಿದರು. ನೋಡಿದವರು ಯಾರೆಂದು ಆ ಸುದ್ದಿಯಲ್ಲಿ ಎಲ್ಲಿಯೂ ಇರಲಿಲ್ಲ. ಏಳು ಜನರೂ ಒಮ್ಮೆಲೇ ನೆಟ್ಟಗೆ ಕೂತರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಮಕ್ಕಳು ನೆಟ್ಟಗೆ ಕೂರುವುದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ. ನಾನು ಖುಷಿಯಲ್ಲಿ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಯಾರು ನೋಡಿದ್ದು? ಎಲ್ಲಿ ನಿಂತು ನೋಡಿದ್ದು? ಏನನ್ನು ಬಿಟ್ಟಿದ್ದಾರೆ?

ಆ ಮೂರು ಪ್ರಶ್ನೆಗಳು ಮಾಡಿದ ಚಮತ್ಕಾರವನ್ನು ಹೇಗೆ ಹೇಳಲಿ! ಒಂದು ವಾರ ಕಥೆ ಓದಿಸಿದೆ. ಅತ್ತೆ ಬಹಳ ಕೆಟ್ಟವಳು, ಸೊಸೆಗೆ ತುತ್ತು ಅನ್ನಕ್ಕೂ ಲೆಕ್ಕ ಹಾಕುತ್ತಾಳೆ, ಇಂಥದೊಂದು ಕಥೆ. ಅತ್ತೆಯ ಗುಣವನ್ನು ವಿವರಿಸಿ ಎಂದರೆ ಹಿಂದೆಲ್ಲ ಮಕ್ಕಳು ನಾಲ್ಕು ವಾಕ್ಯ ಬರೆದು ಮುಗಿಸುತ್ತಿದ್ದರು. ಈ ಸಲ ದೀಕ್ಷಾ ಎಂಬ ಹುಡುಗಿ ಕೈಯೆತ್ತಿ, ಈ ಕಥೆ ಹೇಳುತ್ತಿರುವುದು ಸೊಸೆ ಅಲ್ಲವೇ, ಅತ್ತೆಯನ್ನು ಯಾರಾದರೂ ಕೇಳಿದರೇ ಎಂದಳು. ನಾನು ಆ ಕಥೆಯನ್ನು ಇಪ್ಪತ್ತು ಸಲವಾದರೂ ಪಾಠ ಮಾಡಿದ್ದೇನೆ, ಇದು ಹೊಳೆದೇ ಇರಲಿಲ್ಲ. ಮನೆಗೆ ಬಂದು ಇದನ್ನು ಹೇಳಿದರೆ ನಮ್ಮ ಮನೆಯವರು ಬಹಳ ಗಂಭೀರವಾಗಿ, ತಮ್ಮ ತಾಯಿಯ ಬಗ್ಗೆ ನಾನು ಇಷ್ಟು ವರ್ಷ ಹೇಳಿದ್ದನ್ನೆಲ್ಲ ಆ ಹುಡುಗಿಯ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಬೇಕು ಎಂದರು. ನಾನು ಸಾರಿಗೆ ಉಪ್ಪು ಹಾಕುವ ನೆಪದಲ್ಲಿ ಒಳಗೆ ಹೋದೆ.

ಉತ್ಸಾಹ ಬಂದರೆ ನಾನು ಒಂದು ಹೆಜ್ಜೆ ಮುಂದೆಯೇ ಹೋಗುತ್ತೇನೆ. ನಮ್ಮ ಹಳೆಯ ತರ್ಕಶಾಸ್ತ್ರದವರು ಈ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರು. ಕಣ್ಣಿಂದ ಕಂಡದ್ದು ಪ್ರತ್ಯಕ್ಷ, ಕಂಡದ್ದರಿಂದ ಊಹಿಸಿದ್ದು ಅನುಮಾನ, ನಂಬಿಕಸ್ಥರು ಹೇಳಿದ್ದು ಆಪ್ತವಾಕ್ಯ ಎಂದೆಲ್ಲ ವಿಂಗಡಿಸಿಟ್ಟಿದ್ದಾರೆ. ಇದನ್ನು ಮಕ್ಕಳಿಗೆ ಹೇಳಿ, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬೇಕು ಎಂಬ ಸಾವಿರಾರು ವರ್ಷಗಳ ಉದಾಹರಣೆಯನ್ನು ಕೊಟ್ಟೆ. ಅಂಧೇರಿಯಿಂದ ಬರುವ ರೋಹನ್ ಒಪ್ಪಲಿಲ್ಲ. ಅವನ ಬಿಲ್ಡಿಂಗಿನಲ್ಲಿ ಹೊಗೆ ಬಂದರೆ ಅದು ಮುನ್ಸಿಪಾಲಿಟಿಯವರು ಸೊಳ್ಳೆಗೆ ಬಿಡುವ ಹೊಗೆಯಂತೆ, ಬೆಂಕಿ ಎಲ್ಲೂ ಇರುವುದಿಲ್ಲವಂತೆ. ಶಾಸ್ತ್ರಕಾರರ ಕಾಲದಲ್ಲಿ ಮುನ್ಸಿಪಾಲಿಟಿ ಇರಲಿಲ್ಲ ಎಂದು ಹೇಳಿ ಬಚಾವಾದೆ.

ಇನ್ನೊಂದು ವಾರ ಎಲ್ಲರನ್ನೂ ಲೋಕಲ್ ಗಾಡಿಯಲ್ಲಿ ದಾದರ್‌ವರೆಗೆ ಕರೆದುಕೊಂಡು ಹೋಗಿ, ಕಂಡದ್ದನ್ನು ಬರೆಯಿರಿ ಎಂದೆ. ಮೊದಲು ಎಲ್ಲರೂ ಬರೆದದ್ದು, ಗಾಡಿಯಲ್ಲಿ ರಶ್ ಇತ್ತು. ಅದು ನೀವು ಕಂಡದ್ದಲ್ಲ, ಮನೆಯಿಂದಲೇ ತಂದದ್ದು ಎಂದು ಹೊಡೆದುಹಾಕಿದೆ. ವಾಪಸು ಬರುವಾಗ ಒಬ್ಬಳು ಬರೆದಳು, ಕಿಟಕಿಯ ಬಳಿ ಕೂತ ಹೆಂಗಸು ಸೀಟಿಗೆ ಕಾಯುತ್ತ ನಿಂತವಳಿಗೆ ಮಾಟುಂಗದಲ್ಲಿ ಇಳಿಯುತ್ತೇನೆ ಎಂದಳು, ಮಾಟುಂಗ ಬಂದಾಗ ಕಣ್ಣು ಮುಚ್ಚಿಕೊಂಡಳು. ನನಗೆ ಆ ಹುಡುಗಿಯನ್ನು ಗಾಡಿಯಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು. ಕಾಗುಣಿತ ತಪ್ಪಿತ್ತು, ಕಣ್ಣು ತಪ್ಪಿರಲಿಲ್ಲ.

ಇಷ್ಟೆಲ್ಲ ಸಂಭ್ರಮದ ನಡುವೆ ನಮ್ಮ ಸಂಘದ ವಾರ್ಷಿಕೋತ್ಸವ ಬಂತು. ಶುಕ್ರವಾರ ಕುಕ್ಕರ್ ಇಟ್ಟೆ, ವರದಿ ಬರೆದೆ, ಶನಿವಾರ ಕಳಿಸಿದೆ. ಬೋರ್ಡಿನ ಮೇಲೆ ಬರೆದ ಮೂರು ಪ್ರಶ್ನೆಗಳಿಗೂ ಈ ವರದಿಗೂ ಏನಾದರೂ ಸಂಬಂಧವಿದೆಯೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಭಾನುವಾರ ಸಂಜೆ ಮುಖ್ಯ ಅತಿಥಿಗಳ ವಿಮಾನ ತಡವಾಯಿತು. ಅವರೊಬ್ಬ ಉದ್ಯಮಿ, ಸಜ್ಜನರು. ಬಂದೇಬಿಟ್ಟೆ ಎಂದು ಫೋನ್ ಮಾಡುತ್ತಲೇ ಇದ್ದರು. ನಾನು ಹೂಗುಚ್ಛ ಹಿಡಿದು ಕೆಳಗೆ ಗೇಟಿನ ಬಳಿ ಮುಕ್ಕಾಲು ಗಂಟೆ ನಿಂತೆ. ಮೇಲೆ ಅವರಿಲ್ಲದೆಯೇ ದೀಪ ಬೆಳಗಿದರು. ಕೊನೆಗೆ ಅವರು ಬರಲೇ ಇಲ್ಲ. ನಾನು ಮೆಟ್ಟಿಲು ಹತ್ತಿ ಬಂದಾಗ ಜನ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಯಾವುದೋ ಹಾಡು ಮುಗಿದಿರಬೇಕು ಎಂದುಕೊಂಡು ಊಟದ ಕಡೆ ಓಡಿದೆ. ಪತ್ರಿಕೆಗೆ ಕಳಿಸಿದ ವರದಿ ನೆನಪಾಗಲೇ ಇಲ್ಲ. ಸೋಮವಾರ ಮುಖ್ಯ ಅತಿಥಿಗಳು ಅರ್ಥಪೂರ್ಣವಾಗಿ ಮಾತನಾಡಿದ್ದು, ಫೋಟೋದವನು ಆ ರಾತ್ರಿ ಕಳಿಸಿದ ದೀಪ ಬೆಳಗುವ ಫೋಟೋ ಸಮೇತ ಅಚ್ಚಾಯಿತು. ತಪ್ಪಾಯಿತಲ್ಲ ಎಂದು ಅವರಿಗೆ ಫೋನ್ ಮಾಡುವಷ್ಟರಲ್ಲಿ ಅವರದೇ ಮೆಸೇಜು ಬಂತು. ವರದಿ ಚೆನ್ನಾಗಿ ಬಂದಿದೆಯಂತೆ, ಬಂಧುಗಳಿಗೆಲ್ಲ ಕಳಿಸಿದ್ದಾರಂತೆ. ಸದ್ಯ ಎಂದು ನಿಟ್ಟುಸಿರುಬಿಟ್ಟೆ.

ಮುಂದಿನ ಭಾನುವಾರ ಸುದ್ದಿ ತರುವ ಸರದಿ ದೀಕ್ಷಾಳದು. ಅವಳು ಪತ್ರಿಕೆಯ ಒಂದು ತುಣುಕನ್ನು ಮೇಜಿನ ಮೇಲಿಟ್ಟಳು. ನನ್ನದೇ ವರದಿ. ನನಗೆ ಮೊದಲು ಹೆಮ್ಮೆಯೇ ಆಯಿತು, ಅದನ್ನೂ ಹೇಳಿಬಿಡಬೇಕು. ರೋಹನ್ ಅವತ್ತು, ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾಬ್ಲಾಕಿನ ದೆಸೆಯಿಂದ ಕಾರ್ಯಕ್ರಮಕ್ಕೆ ಬಂದಿರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲವಾದ್ದರಿಂದ ಅವನೇ ಪರೀಕ್ಷಕನಾದ. ವರದಿ ಓದಿದ, ಫೋಟೋ ನೋಡಿದ, ಮತ್ತೆ ಓದಿದ.

"ಆಂಟಿ, ದೀಪ ಹಚ್ಚಿದವ್ರು ಛೇ ಲೋಗ್, ಆರು ಜನ ಅಂತ ಬರ್ದಿದೆ. ಫೋಟೋದಲ್ಲಿ ಐದೇ ಜನ ಇದಾರೆ," ಎಂದ.

ಉಳಿದ ಮಕ್ಕಳು ನೆಲ ನೋಡತೊಡಗಿದರು. ಅವರೆಲ್ಲ ಅಂದು ಸಭೆಯಲ್ಲಿದ್ದವರು. ರೋಹನ್ ಬಿಡಲಿಲ್ಲ. ಫೋಟೋದ ಅಂಚಿನಲ್ಲಿ ದೀಪಕ್ಕೆ ಎಣ್ಣೆ ಹೊಯ್ಯುವ ಒಂದು ಕೈ ಇದೆ, ಹಸಿರು ಬಳೆ ಇದೆ, ಮುಖವಿಲ್ಲ, ಇದು ಯಾರು ಎಂದು ಕೇಳಿದ. ಅದು ತನ್ನ ಅಮ್ಮನ ಕೈ ಎಂದಳು ದೀಕ್ಷಾ.

ಆಮೇಲೆ ಒಂದೊಂದಾಗಿ ಎಲ್ಲ ಹೊರಬಿತ್ತು. ದೀಕ್ಷಾಳ ತಾಯಿ ಗಿರಿಜಕ್ಕ ಉಡುಪಿ ಕಡೆಯವರು. ಬೈಕುಲ್ಲಾ ಮಾರುಕಟ್ಟೆಯ ಹತ್ತಿರ ಗಂಡ ಹೆಂಡತಿ ಸೇರಿ ಒಂದು ಸಣ್ಣ ಹೋಟೆಲ್ ನಡೆಸುತ್ತಾರೆ. ನಮ್ಮ ಕಾರ್ಯಕ್ರಮಕ್ಕೆ ಉಪ್ಪಿಟ್ಟು, ಕೇಸರಿಬಾತು ಯಾವಾಗಲೂ ಅವರದೇ. ಅಂದು ಅತಿಥಿಗಳು ಬರುವವರೆಗೆ ಹೊತ್ತು ತುಂಬಿಸಲು ಅಧ್ಯಕ್ಷರು, ವೇದಿಕೆಯ ಮೇಲೆ ಎಣ್ಣೆ ಹೊಯ್ಯುತ್ತಿದ್ದ ಗಿರಿಜಕ್ಕನ ಕೈಗೆ ಮೈಕು ಕೊಟ್ಟು ಎರಡು ಮಾತಾಡಿ ಎಂದಿದ್ದರು. ಅವರು ಹತ್ತು ನಿಮಿಷ ಮಾತಾಡಿದ್ದರು. ನಾನು ಕೇಳಿದ ಚಪ್ಪಾಳೆ ಅದರದು. ಬದುಕಿನಲ್ಲಿ ಮೊದಲ ಸಲ ಮೈಕು ಹಿಡಿದವರು, ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ಹೋಗಿ ಹತ್ತು ಪತ್ರಿಕೆ ತಂದಿದ್ದರು, ಊರಿಗೆ ಕಳಿಸಲು.

"ಮಮ್ಮಿ ಎಲ್ಲ ಪೇಪರ್ ಓದಿದ್ಳು. ಆಮೇಲೆ ಮಡ್ಚಿ ಇಟ್ಳು," ಎಂದಳು ದೀಕ್ಷಾ. "ಪೇಪರ್‌ನಲ್ಲಿ ಹೀಗೆ ಇದೆ ಅಂದ್ರೆ ಹೀಗೇ ಇರ್ಬೇಕು, ನಾನು ಮಾತಾಡಿದ್ದು ಲೆಕ್ಕಕ್ಕೆ ಇಲ್ಲ ಅಂದ್ಳು."

ಸಿಟ್ಟು ಮಾಡಿದ್ದರೆ ನಾನು ಕ್ಷಮೆ ಕೇಳಿ ಹಗುರಾಗುತ್ತಿದ್ದೆ. ಆ ಹೆಂಗಸು ತಾನು ನಿಂತು ಆಡಿದ ಮಾತನ್ನೇ ಅನುಮಾನಿಸಿದ್ದರು, ನಾನು ಶುಕ್ರವಾರ ಅಡುಗೆಮನೆಯಲ್ಲಿ ಬರೆದದ್ದನ್ನು ನಂಬಿಕೊಂಡು. ನನಗೆ ನಾಚಿಕೆಯಾಯಿತು. ರೋಹನ್ ಮಾತ್ರ ಕೆಲಸ ನಿಲ್ಲಿಸಿರಲಿಲ್ಲ. ಬೋರ್ಡಿನ ಮೊದಲ ಪ್ರಶ್ನೆಯನ್ನು ತೋರಿಸಿ, ಯಾರು ನೋಡಿದ್ದು ಆಂಟಿ ಎಂದು ಬಹಳ ವಿನಯದಿಂದ ಕೇಳಿದ. ನಾನು ನೋಡಿಲ್ಲ ಎಂದು ಏಳು ಮಕ್ಕಳ ಮುಂದೆ ಒಪ್ಪಿಕೊಂಡೆ. ಎಲ್ಲಿ ನಿಂತಿದ್ದೆ? ಗೇಟಿನ ಬಳಿ. ಏನನ್ನು ಬಿಟ್ಟೆ? ಅದಕ್ಕೆ ಉತ್ತರ ಮೇಜಿನ ಮೇಲೆಯೇ ಇತ್ತು.

ವಿಚಿತ್ರವೆಂದರೆ ಆ ನಾಚಿಕೆಯ ಒಳಗೇ ನನಗೊಂದು ಪುಳಕವೂ ಆಗುತ್ತಿತ್ತು. ನಾನು ಕಲಿಸಿದ್ದು ಇವರಿಗೆ ಬಂದುಬಿಟ್ಟಿದೆಯಲ್ಲ! ಬೇರೆಯವರ ವರದಿಯ ಮೇಲೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು ಎಂಬುದು ಬೇರೆ ಮಾತು.

ತಿದ್ದುಪಡಿ ಹಾಕಿಸೋಣ ಎಂದು ಅಂದೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಧಾರವಾಡ ಕಡೆಯವರು, ಹೃದಯ ದೊಡ್ಡದು, ಧೈರ್ಯ ಸ್ವಲ್ಪ ಕಡಿಮೆ. "ಬ್ಯಾಡ್ರೀ ಮೇಡಮ್. ಇದೊಂದಕ್ಕ ತಿದ್ದುಪಡಿ ಹಾಕಿದ್ರ ಮಂದಿ ಹಿಂದಿನವೆಲ್ಲಾ ಕೆದಕ್ತಾರ," ಎಂದರು. ಮಾತು ನಿಜ. ಇಪ್ಪತ್ತಾರು ವರ್ಷಗಳ ಕಿಕ್ಕಿರಿದ ಸಭಾಂಗಣಗಳು ನನ್ನ ಕಣ್ಣ ಮುಂದೆ ಒಂದೊಂದಾಗಿ ಖಾಲಿಯಾದವು. ಅತಿಥಿಗಳಿಗೆ ಬೇಸರವಾಗುತ್ತದೆ ಎಂದೂ ಹೇಳಿದರು. ಮಾಡದ ಭಾಷಣ ಹೋದರೆ ಯಾರಿಗೂ ನಷ್ಟವಿಲ್ಲ, ಮಾಡಿದ ಭಾಷಣ ಹೋಗಿದೆ ಎಂದೆ ನಾನು. ಕೊನೆಗೆ ಅವರು, ನಿಮ್ಮ ಹೆಸರಿನಲ್ಲಿ ಹಾಕಿ, ಸಂಘದ ಹೆಸರು ಬೇಡ ಎಂದರು. ನನಗೆ ಅಷ್ಟೇ ಸಾಕಿತ್ತು.

ಆದರೆ ಬರೆಯುವುದು ಏನನ್ನು? ನಾನು ಕೇಳಿಯೇ ಇಲ್ಲವಲ್ಲ. ಸಭೆಯಲ್ಲಿದ್ದ ಆರೂ ಮಕ್ಕಳು ನೆನಪಿದ್ದಷ್ಟನ್ನು ಬೇರೆ ಬೇರೆ ಕೂತು ಬರೆದರು. ಒಬ್ಬ ಹತ್ತು ನಿಮಿಷ ಎಂದ, ಇನ್ನೊಬ್ಬ ಇಪ್ಪತ್ತು. ಒಬ್ಬಳು ಎಲ್ಲರೂ ಅತ್ತರು ಎಂದಳು, ಪಕ್ಕದವಳು ಎಲ್ಲರೂ ನಕ್ಕರು ಎಂದಳು. ಐದು ಜನ, ಗಿರಿಜಕ್ಕ ನಡುವೆ ಮಾತು ನಿಲ್ಲಿಸಿ ನೀರು ಕುಡಿದರು ಎಂದು ಬರೆದಿದ್ದರು. ಆರನೆಯವನು ಆಗ ಫೋನ್ ನೋಡುತ್ತಿದ್ದನಂತೆ, ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದ. ಇಷ್ಟರಿಂದ ಆಗುವುದಿಲ್ಲ, ಅವರನ್ನೇ ಕೇಳೋಣ ಎಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಎಲ್ಲರೂ ನೋಟ್‌ಬುಕ್ ಹಿಡಿದು ಬೈಕುಲ್ಲಾ ಗಾಡಿ ಹತ್ತಿದೆವು.

ಗಿರಿಜಕ್ಕ ನಮ್ಮನ್ನು ಕಂಡು ಗಾಬರಿಯಾದರು. ಊಟಕ್ಕೆ ಬಂದೆವೆಂದು ತಿಳಿದು ಎಂಟು ಎಲೆ ಹಾಕಲು ಹೊರಟರು. ನಾನು ತಪ್ಪೊಪ್ಪಿಕೊಂಡಾಗ ನನಗಿಂತ ಅವರಿಗೇ ಹೆಚ್ಚು ಸಂಕೋಚ. ಮಕ್ಕಳು ಅದಕ್ಕೆಲ್ಲ ಜಗ್ಗದೆ ಪೆನ್ನು ತೆರೆದು, ಅವತ್ತು ಏನು ಹೇಳಿದಿರಿ ಎಂದು ಕೇಳಿದರು. ಕಾಯಿ ತುರಿಯುತ್ತಲೇ ಅವರು ಹೇಳತೊಡಗಿದರು.

ಅವರು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಮನೆಯ ಮಾತು ತುಳು. ಮದುವೆಯಾಗಿ ಬೈಕುಲ್ಲಾಕ್ಕೆ ಬಂದಾಗ ಕಲಿತ ಅಕ್ಷರಗಳೂ ಮರೆತುಹೋಗಿದ್ದವು. ಹೋಟೆಲಿನ ಅಡುಗೆಮನೆಯ ಹಲಗೆಗಳಿಗೆ ಹಳೆಯ ಕನ್ನಡ ಪತ್ರಿಕೆ ಹಾಸಿ ಮೇಲೆ ಬೇಳೆ, ಮೆಣಸಿನ ಡಬ್ಬಿ ಇಡುತ್ತಿದ್ದರು. ಒಂದು ದಿನ ಡಬ್ಬಿ ಒರೆಸುವಾಗ ಅವರ ಊರಿನ ಹೆಸರು ಕಣ್ಣಿಗೆ ಬಿತ್ತು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಅರ್ಧ ಸುದ್ದಿ ಪಕ್ಕದ ಡಬ್ಬಿಯ ಅಡಿಗೆ ಹೋಗಿತ್ತು. ಅದನ್ನೆತ್ತಿದರು. ಅಲ್ಲಿಂದ ಮುಂದೆ ದಿನಕ್ಕೊಂದು ಡಬ್ಬಿ ಎತ್ತಿ ಓದುವುದು ರೂಢಿಯಾಯಿತು. ಹೀಗೆ ನಾಲ್ಕು ತಿಂಗಳ ಹಿಂದಿನ ಸುದ್ದಿಗಳನ್ನು ಓದಿ ಓದಿಯೇ ಅವರಿಗೆ ಕನ್ನಡ ಬಂದದ್ದು.

ನಾನು ಕೂತಲ್ಲೇ ಕರಗಿಹೋದೆ. ಎಂಥ ಭಾಷಣವನ್ನು ಕಳೆದುಕೊಂಡು ನಾನು ಗೇಟಿನ ಬಳಿ ಹೂಗುಚ್ಛ ಹಿಡಿದು ನಿಂತಿದ್ದೆ! ಸ್ವಲ್ಪ ಹೊತ್ತಾದ ಮೇಲೆ, ನೀವೇ ಮಾತಾಡಿದ್ದಲ್ಲವೇ, ಪತ್ರಿಕೆ ತಪ್ಪು ಎಂದು ನಿಮಗೇಕೆ ಅನ್ನಿಸಲಿಲ್ಲ ಎಂದು ಕೇಳಿದೆ.

"ಪೇಪರಿನಲ್ಲೇ ಓದ್ಲಿಕ್ಕೆ ಕಲ್ತವಳು ನಾನು, ಟೀಚರೇ. ಅದು ಸುಳ್ಳು ಅಂತ ಹೇಗೆ ಹೇಳುದು?"

ವಾಪಸು ಬರುವ ಗಾಡಿಯಲ್ಲಿ ರೋಹನ್, ಬೋರ್ಡಿನ ಮೂರನೇ ಪ್ರಶ್ನೆಯನ್ನು ಬದಲಾಯಿಸಿ, ಡಬ್ಬಿ ಎತ್ತಿ ನೋಡಿದೆಯಾ ಎಂದು ಬರೆಯಬೇಕು ಎಂದ. ಗಾಡಿಯಲ್ಲೇ ಕೈಯೆತ್ತಿಸಿ ಒಪ್ಪಿಗೆಯಾಯಿತು. ಎದುರು ಕೂತ ಇಬ್ಬರು ಮರಾಠಿ ಹೆಂಗಸರು ಏನೆಂದು ತಿಳಿಯದೆ ನಮ್ಮನ್ನೇ ನೋಡುತ್ತಿದ್ದರು.

ತಿದ್ದುಪಡಿಯನ್ನು ನಾನು ಮೂರು ಸಲ ಬರೆದೆ. ಪ್ರತಿ ಸಲವೂ ಮಕ್ಕಳು ಓದಿ, ಇದನ್ನು ಯಾರು ನೋಡಿದ್ದು ಎಂದು ಕೇಳಿ ಒಂದಿಷ್ಟು ವಿಶೇಷಣಗಳನ್ನು ಕಿತ್ತುಹಾಕಿದರು. ಕೊನೆಗೆ ಉಳಿದದ್ದು ಹತ್ತೇ ಸಾಲು. ಮುಖ್ಯ ಅತಿಥಿಗಳು ಬಂದಿರಲಿಲ್ಲ, ವರದಿಗಾರ್ತಿ ಸಭೆಯಲ್ಲಿರಲಿಲ್ಲ, ಮಾತನಾಡಿದವರು ಗಿರಿಜಕ್ಕ, ಅವರು ಹೇಳಿದ್ದು ಇದು. ಇಷ್ಟು ಬೋಳಾದ ಬರಹ ನನ್ನ ಕೈಯಿಂದ ಎಂದೂ ಹೊರಬಿದ್ದಿರಲಿಲ್ಲ. ಕಳಿಸುವ ಮುನ್ನ ಒಂಟಿಯಾಗಿ ಕೂತು ಕೊನೆಯ ಬಾರಿ ಓದಿದೆ. ನಡುವೆ ನಿಂತು ನೀರು ಕುಡಿದರು ಎಂಬ ಮಾತು ಗಿರಿಜಕ್ಕನಿಗೆ ಅವಮಾನವಾದೀತು ಅನ್ನಿಸಿತು. ಅದನ್ನು ತೆಗೆದು, ಆ ಜಾಗದಲ್ಲಿ 'ನಿರರ್ಗಳವಾಗಿ' ಎಂದು ಸೇರಿಸಿದೆ. ಒಂದೇ ಒಂದು ಪದ, ಅವರ ಗೌರವಕ್ಕಾಗಿ.

ಅಚ್ಚಾದ ದಿನ ಮಧ್ಯಾಹ್ನ ಹಿಗ್ಗಿನಿಂದ ಬೈಕುಲ್ಲಾಕ್ಕೆ ಹೋದೆ. ಗಿರಿಜಕ್ಕನ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಬಂದ ಗಿರಾಕಿಗಳಿಗೆಲ್ಲ ಪತ್ರಿಕೆ ತೋರಿಸುತ್ತಿದ್ದರು. ಕನ್ನಡ ಬಾರದ ತರಕಾರಿ ವ್ಯಾಪಾರಿಗಳೂ ತಲೆದೂಗುತ್ತಿದ್ದರು. ಒಳಗೆ ಮೇಜಿನ ಮೇಲೆ ಆರು ಪ್ರತಿಗಳು. ಗಿರಿಜಕ್ಕ ಕೈ ಒರೆಸಿಕೊಂಡು ಬಂದು ನನ್ನೆದುರು ಕೂತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ, ಗಟ್ಟಿಯಾಗಿ ಓದಿದರು. ತಮ್ಮ ಹೆಸರು ಬಂದಾಗ ಒಮ್ಮೆ ನಕ್ಕರು. ಆ ಪದ ಬಂದಾಗ ಬೆರಳು ನಿಂತಿತು.

"ಇದು ಹೀಗಲ್ಲ ಅಲ್ವಾ, ಟೀಚರೇ? ನನಗೆ ನಡುವಲ್ಲಿ ಬಾಯಿ ಕಟ್ಟಿ ಹೋಗಿತ್ತು. ಇಳಿದು ಓಡುವ ಅಂತ ಇತ್ತು. ನೀರು ಕುಡಿದು ಮತ್ತೆ ಶುರು ಮಾಡಿದ್ದು. ನನಗೆ ಅದೇ ದೊಡ್ಡದು."

ಅವರು ನನ್ನ ಪೆನ್ನು ಕೇಳಿ ಪಡೆದುಕೊಂಡರು. ಅಚ್ಚಾದ ಪದವನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ದುಂಡಗೆ, 'ನಡುವೆ ನಿಂತು, ನೀರು ಕುಡಿದು' ಎಂದು ಬರೆದರು. ಆರು ಪ್ರತಿಗಳಲ್ಲಿಯೂ ಬರೆದರು. ಅವಸರ ಮಾಡಲಿಲ್ಲ, ಒಂದೊಂದು ಪ್ರತಿಗೂ ಶಾಯಿ ಒಣಗುವವರೆಗೆ ಕಾದರು. ಐದನ್ನು ಊರಿಗೆಂದು ಕಟ್ಟಿಟ್ಟು, ಆರನೆಯದನ್ನು ಮಕ್ಕಳಿಗೆ ಕೊಡಿ ಎಂದು ನನ್ನ ಕೈಗಿಟ್ಟರು.

ಆ ಏಳು ಮಕ್ಕಳನ್ನು ಬಿಟ್ಟರೆ, ಇಪ್ಪತ್ತಾರು ವರ್ಷಗಳಲ್ಲಿ ನನ್ನ ವರದಿಯನ್ನು ಅಚ್ಚಾದ ಮೇಲೆ ನಿಜವಾಗಿ ಓದಿದವರು ಅವರೊಬ್ಬರೇ.